ಹತ್ತೋದು ಕಾಲಲ್ಲಿ, ಇಳಿಯೋದು ಬಸ್ಸಲ್ಲಿ

ಚಾಮುಂಡಿ ಬೆಟ್ಟದ ಪಾದದ ಹತ್ತಿರ ಬೆಳಿಗ್ಗೆ ಸೇರುವ ನಮ್ಮ ಗುಂಪಿನಲ್ಲಿ ನನಗೊಂದು ಅಡ್ಡಹೆಸರಿದೆ: ಅರ್ಧ ಟಿಕೆಟ್. ನಾನು ಮೆಟ್ಟಿಲು ಹತ್ತುತ್ತೇನೆ, ಇಳಿಯುವುದಿಲ್ಲ. ಮೇಲೆ ಹೋಗಿ ತಾಯಿಗೊಂದು ನಮಸ್ಕಾರ ಹಾಕಿ, 201ನೇ ನಂಬರಿನ ಬಸ್ಸು ಹತ್ತಿ ಸಿಟಿ ಬಸ್‌ಸ್ಟ್ಯಾಂಡಿಗೆ ಬಂದುಬಿಡುತ್ತೇನೆ. ನಮ್ಮ ಗುಂಪಿನ ಹಿರಿಯರು, ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಸಿಕ್ಕಾಗಲೆಲ್ಲ ಕೇಳುತ್ತಾರೆ: "ಏನ್ ಸ್ವಾಮಿ, ಹತ್ತಿದ್ದು ನಿಮ್ಮ ಪುಣ್ಯ. ಇಳಿದಿದ್ದು ಡೀಸೆಲ್ಲಿನ ಪುಣ್ಯಾನಾ?"

ನಗಲಿ. ಮಂಡಿ ನನ್ನದು. ಈ ಮಂಡಿಗಳು ಮೈಸೂರಿನ ಬೀದಿಗಳಲ್ಲಿ ಎಷ್ಟು ಸವೆದಿವೆ ಅನ್ನುವ ಲೆಕ್ಕ ನನಗೇ ಗೊತ್ತಿಲ್ಲ. ನಾನು ಪೋಸ್ಟ್‌ಮ್ಯಾನ್ ಆಗಿದ್ದವನು. ಸೈಕಲ್ ಇತ್ತು ನಿಜ, ಆದರೆ ಬೀಟಿನ ಅರ್ಧಕ್ಕರ್ಧ ಅದನ್ನು ತಳ್ಳಿಕೊಂಡು ನಡೆಯುವುದೇ. ಮನೆಮನೆ ಗೇಟಿನ ಮುಂದೆ ಇಳಿದು ಹತ್ತುವುದಕ್ಕಿಂತ ನಡೆಯುವುದು ಸುಲಭ. ಬೆಳಿಗ್ಗೆ ಆಫೀಸಿನಲ್ಲಿ ಕಾಗದಗಳನ್ನು ಬೀದಿ, ಮನೆ ನಂಬರಿನ ಸಾಲಿಗೆ ಜೋಡಿಸಿಕೊಂಡು ಹೊರಟರೆ ಬಟವಾಡೆ ಮುಗಿಯುವ ಹೊತ್ತಿಗೆ ಮಧ್ಯಾಹ್ನ ದಾಟಿರುತ್ತಿತ್ತು. ಮನಿ ಆರ್ಡರ್ ಇದ್ದ ದಿನ ಇನ್ನೂ ತಡ. ಅಜ್ಜಿಯರು ಹಣ ಎಣಿಸಿಕೊಂಡು, ಮಗನ ಕ್ಷೇಮ ಸಮಾಚಾರ ನನ್ನನ್ನೇ ಕೇಳಿ, ಮಜ್ಜಿಗೆ ಕುಡಿಸದೆ ಬಿಡುತ್ತಿರಲಿಲ್ಲ.

ಆ ದಿನಗಳಲ್ಲಿ ನಡಿಗೆಯನ್ನು ಯಾರಾದರೂ ವ್ಯಾಯಾಮ ಅಂದಿದ್ದರೆ ನಾನು ಬಿದ್ದು ಬಿದ್ದು ನಗುತ್ತಿದ್ದೆ. ನಡೆಯುವುದು ಸಂಬಳದ ಕೆಲಸ. ನಿವೃತ್ತಿಯಾದ ಮೇಲೆ ಬಂದ ತೊಂದರೆಯೇ ಬೇರೆ. ಬೆಳಿಗ್ಗೆ ಎದ್ದರೆ ಕಾಲು ತಾನಾಗಿ ಚಪ್ಪಲಿ ಹುಡುಕುತ್ತಿತ್ತು, ಹೋಗುವುದೆಲ್ಲಿಗೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ. ವಿಳಾಸ ಬರೆಯದ ಲಕೋಟೆಯ ಹಾಗೆ ಆಗಿಬಿಟ್ಟಿದ್ದೆ. ನಮ್ಮಾಕೆ ಅಡುಗೆಮನೆಯಿಂದ, "ಹಾಲ್‌ನಲ್ಲಿ ಸುತ್ತು ಹೊಡೀಬೇಡಿ, ನಂಗೆ ತಲೆ ಸುತ್ತುತ್ತೆ" ಅಂತ ಕೂಗುತ್ತಿದ್ದಳು.

ಮಗಳು ಹೆಜ್ಜೆ ಎಣಿಸುವ ಗಡಿಯಾರ ತಂದುಕೊಟ್ಟಳು. ದಿನಕ್ಕೆ ಹತ್ತು ಸಾವಿರ ಆಗಬೇಕಂತೆ. ಈ ಹತ್ತು ಸಾವಿರ ಎಲ್ಲಿಂದ ಬಂತು ಅಂತ ಅಳಿಯ ಹುಡುಕಿ ಹೇಳಿದ: 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು, ಅದರ ಹೆಸರಿನಲ್ಲೇ ಹತ್ತು ಸಾವಿರ ಇತ್ತು, ಅದೇ ಲೋಕವೆಲ್ಲ ಹಬ್ಬಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಹೆಜ್ಜೆಯ ಲೆಕ್ಕವಲ್ಲ, ಸಮಯದ ಲೆಕ್ಕ. ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ, ಉಸಿರು ಸ್ವಲ್ಪ ಏರುವಷ್ಟು ಬಿರುಸಿನ ಓಡಾಟ. ಆ ಲೆಕ್ಕ ನನಗೆ ಹಿಡಿಸಿತು. ಗಡಿಯಾರ ಈಗ ಮೊಮ್ಮಗನ ಕೈಯಲ್ಲಿದೆ. ಸೋಫಾದ ಮೇಲೆ ಕೂತು ಕೈ ಅಲ್ಲಾಡಿಸಿಯೇ ದಿನಾ ಹತ್ತು ಸಾವಿರ ಮುಟ್ಟಿಸುತ್ತಾನೆ.

ನಮ್ಮ ಮನೆ ಇಟ್ಟಿಗೆಗೂಡಿನಲ್ಲಿ. ಮೃಗಾಲಯಕ್ಕೆ ಹತ್ತಿರ. ಗಾಳಿ ಬೀಸಿದ ದಿಕ್ಕು ನೋಡಿಕೊಂಡು ಕೆಲವು ದಿನ ಬೆಳಗಿನ ಜಾವ ಸಿಂಹದ ಗರ್ಜನೆ ಕೇಳುತ್ತದೆ. ಅಲ್ಲಿಂದ ರೇಸ್‌ಕೋರ್ಸ್ ಪಕ್ಕದಲ್ಲಿ ಹಾಯ್ದು ಪಾದಕ್ಕೆ ಹೋಗುವಷ್ಟರಲ್ಲಿ ಮೈ ಬೆಚ್ಚಗಾಗಿರುತ್ತದೆ. ಮೆಟ್ಟಿಲಿನ ಹತ್ತಿರ ಗಾಡಿ ತಂದು ನಿಲ್ಲಿಸಿ, ತಣ್ಣನೆಯ ಕಾಲಿನಲ್ಲಿ ದಡದಡ ಹತ್ತುವ ಹುಡುಗರನ್ನು ನೋಡಿದರೆ ನನಗೆ ಕಸಿವಿಸಿ. ಮೊದಲ ಮುನ್ನೂರು ಮೆಟ್ಟಿಲೇ ಈ ಬೆಟ್ಟದಲ್ಲಿ ಕಷ್ಟ. ಅಲ್ಲಿ ಏರು ಕಡಿದು. ಅರ್ಧ ಜನ ಅಲ್ಲೇ ಕಲ್ಲಿನ ಮೇಲೆ ಕೂತು ನೀರಿನ ಬಾಟಲಿ ತೆಗೆಯುತ್ತಾರೆ.

ಮೆಟ್ಟಿಲು ಒಟ್ಟು ಎಷ್ಟು ಅನ್ನುವುದು ಮೈಸೂರಿನಲ್ಲಿ ಎಂದೂ ಇತ್ಯರ್ಥವಾಗದ ವ್ಯಾಜ್ಯ. ಸಾವಿರ ಅನ್ನುವವರಿದ್ದಾರೆ, ಸಾವಿರದೆಂಟು ಅನ್ನುವವರಿದ್ದಾರೆ, ಸಾವಿರದ ನೂರೊಂದು ಅನ್ನುವವರೂ ಇದ್ದಾರೆ. ಎಲ್ಲಿಂದ ಎಣಿಸಲು ಶುರುಮಾಡಿದಿರಿ, ನಡುವಿನ ಚಪ್ಪಡಿಗಳನ್ನು ಲೆಕ್ಕಕ್ಕೆ ಹಿಡಿದಿರೋ ಬಿಟ್ಟಿರೋ ಅನ್ನುವುದರ ಮೇಲಿದೆ. ಕಟ್ಟಿಸಿದವರು ದೊಡ್ಡ ದೇವರಾಜ ಒಡೆಯರು ಅನ್ನುವುದರಲ್ಲಿ ಮಾತ್ರ ತಕರಾರಿಲ್ಲ. ಅವರು ಆಳಿದ್ದು 1659ರಿಂದ 1673ರವರೆಗೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಬೆಟ್ಟದ ನೆತ್ತಿ ಸಾವಿರ ಮೀಟರಿಗಿಂತ ಮೇಲೆ. ಅಷ್ಟು ಎತ್ತರವನ್ನು ನಿಮ್ಮ ಮೈಭಾರ ಹೊತ್ತು ನೀವೇ ಏರಬೇಕು. ಸಪಾಟು ನೆಲದಲ್ಲಿ ಗಂಟೆಗಟ್ಟಲೆ ನಡೆದರೂ ಬಾರದ ಬೆವರು ಇಲ್ಲಿ ಹದಿನೈದು ನಿಮಿಷಕ್ಕೆ ಬರುವುದು ಅದಕ್ಕೇ.

ಹತ್ತುವುದನ್ನು ನನಗೆ ಕಲಿಸಿದ್ದು ಹಳ್ಳಿಯಿಂದ ಹರಕೆ ತೀರಿಸಲು ಬಂದಿದ್ದ ಒಬ್ಬ ಅಜ್ಜಿ. ನಾನು ನೆಟ್ಟಗೆ ಹತ್ತಿ ಏದುಸಿರು ಬಿಡುತ್ತಾ ನಿಂತಿದ್ದಾಗ, ಆಕೆ ಒಂದು ಕಡೆಯಿಂದ ಓರೆಯಾಗಿ ನಾಲ್ಕು ಮೆಟ್ಟಿಲು, ಮತ್ತೆ ಇನ್ನೊಂದು ಕಡೆಗೆ ಓರೆಯಾಗಿ ನಾಲ್ಕು ಮೆಟ್ಟಿಲು, ಹೀಗೆ ಅತ್ತಿತ್ತ ಹೊಲಿದಂತೆ ಹತ್ತುತ್ತಾ ನನ್ನನ್ನು ದಾಟಿ ಹೋದರು. ಬರಿಗಾಲು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬಾಯಲ್ಲಿ ಎಲೆಅಡಿಕೆ. "ನಿಂತ್ಕಬ್ಯಾಡ ಕಣಪ್ಪಾ, ನಿಧಾನುಕ್ ಬಾ. ನಿಂತ್ರೆ ಕಾಲು ಸೋಮಾರಿ ಆಯ್ತದೆ." ಅಂದಿನಿಂದ ನಾನೂ ಓರೆ. ಒಂದೊಂದು ಹೆಜ್ಜೆಗೆ ಏರುವ ಎತ್ತರ ಅಷ್ಟೇ ಇದ್ದರೂ ಎರಡು ಮೆಟ್ಟಿಲಿನ ನಡುವೆ ಉಸಿರಿಗೆ ಒಂದಿಷ್ಟು ಬಿಡುವು ಸಿಗುತ್ತದೆ. ವೇಗಕ್ಕೆ ನನ್ನ ಅಳತೆಗೋಲು ಇಷ್ಟೇ: ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಹಾಡಲು ಆದರೆ ನೀವು ಸೋಮಾರಿ, ಮಾತೇ ಹೊರಡದಿದ್ದರೆ ಅವಸರಗಾರ.

ಬಂಡೆಗಳ ವಿಷಯ ಹೇಳಲೇಬೇಕು. ಈ ಬೆಟ್ಟ ಗ್ರಾನೈಟಿನದು. ಹುಟ್ಟಿದ್ದು ಸುಮಾರು 80 ಕೋಟಿ ವರ್ಷಗಳ ಹಿಂದೆ ಅನ್ನುತ್ತಾರೆ ಭೂವಿಜ್ಞಾನಿಗಳು. ಸುತ್ತಲಿನ ಮೈಸೂರು ಸೀಮೆಯ ಕಲ್ಲಿನ ವಯಸ್ಸಿಗೆ ಹೋಲಿಸಿದರೆ ಇದು ಚಿಕ್ಕ ಹುಡುಗ, ಆ ಕಲ್ಲು 300 ಕೋಟಿ ವರ್ಷಗಳ ಲೆಕ್ಕದ್ದು. ಬಿಸಿಲು ಬಿದ್ದಾಗ ಬಂಡೆಯ ಮೈ ತಿಳಿ ಗುಲಾಬಿಯಾಗಿ ಕಾಣುತ್ತದೆ. ಮಳೆ ಬಂದ ಮರುದಿನ ಮಾತ್ರ ಹುಷಾರು: ನೂರಾರು ವರ್ಷ ಕಾಲು ತಿಕ್ಕಿ ತಿಕ್ಕಿ ನುಣುಪಾದ ಮೆಟ್ಟಿಲಿನ ಮೇಲೆ ಸಣ್ಣ ಪಾಚಿ ಕಟ್ಟಿದರೆ ಎಂಥ ಬೂಟೂ ಜಾರುತ್ತದೆ. ಮಳೆಗಾಲದಲ್ಲಿ ನನಗೆ ಬೇಕಾದದ್ದು ಹಳೇ ರಬ್ಬರ್ ಚಪ್ಪಲಿ ಅಲ್ಲ, ಒರಟು ತಳದ ಬೂಟು. ಮೇಷ್ಟ್ರು ಬರಿಗಾಲೇ ಮೇಲು ಅನ್ನುತ್ತಾರೆ. ಅವರ ಪಾದ ಅವರಿಗೆ.

ಎರಡೂ ಕಡೆ ಕುರುಚಲು ಕಾಡು. ಚುಜ್ಜಲು, ಕಗ್ಗಲಿ, ಬೇವು, ಸೀತಾಫಲ, ನಡುವೆ ಎಲ್ಲೆಲ್ಲೂ ನುಗ್ಗಿಕೊಂಡ ಲಂಟಾನ. ಬೆಳಿಗ್ಗೆ ಪಿಕಳಾರ, ಕುಟ್ರು ಹಕ್ಕಿ, ದೂರದಲ್ಲಿ ನವಿಲು. ಇದು ಮೀಸಲು ಅರಣ್ಯ, ಚಿರತೆ ಇದೆ. ಆದ್ದರಿಂದ ಕತ್ತಲಲ್ಲಿ ಒಬ್ಬರೇ ಹೊರಡಬೇಡಿ, ಮೆಟ್ಟಿಲು ಬಿಟ್ಟು ಪಕ್ಕದ ಕಾಲುದಾರಿಯಲ್ಲಿ ನುಗ್ಗಬೇಡಿ. ಚಿರತೆಗಿಂತ ನನಗೆ ಕೋತಿಯ ಭಯ ಜಾಸ್ತಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ ತೂಗಾಡಿದರೆ ಸಾಕು, ಒಳಗೆ ಏನಿದೆ ಅಂತ ನೋಡುವ ತನಕ ಅವಕ್ಕೆ ಸಮಾಧಾನವಿಲ್ಲ. ನಾಯಿಗಳನ್ನು ನಿಭಾಯಿಸುವುದರಲ್ಲಿ ನನಗೆ ಇಡೀ ಸರ್ವಿಸಿನ ಅನುಭವ ಉಂಟು: ಓಡಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಚೀಲ ಮುಂದೆ ಹಿಡಿಯಬೇಕು. ಕೋತಿಯ ಮುಂದೆ ಈ ವಿದ್ಯೆಯಲ್ಲಿ ಕೊನೆಯದು ನಡೆಯುವುದಿಲ್ಲ. ಚೀಲ ಮುಂದೆ ಹಿಡಿದರೆ ಚೀಲವೇ ಹೋಯಿತು.

ಏಳೆಂಟು ನೂರು ಮೆಟ್ಟಿಲಾದ ಮೇಲೆ ನಂದಿ. ಒಂದೇ ಬಂಡೆಯಲ್ಲಿ ಕಡೆದದ್ದು, ಹದಿನೈದು ಅಡಿಗೂ ಎತ್ತರ, ಇಪ್ಪತ್ನಾಲ್ಕು ಅಡಿ ಉದ್ದ. ಇದೂ ದೊಡ್ಡ ದೇವರಾಜ ಒಡೆಯರ ಕಾಲದ್ದೇ. ಎಲ್ಲರೂ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ನನಗೆ ಇಷ್ಟ ಅದರ ಕೊರಳು. ಸರ, ಗಂಟೆ, ಗೆಜ್ಜೆ, ಒಂದೊಂದು ಕೊಂಡಿಯನ್ನೂ ಬಿಡಿಸಿದ್ದಾರೆ. ಸುತ್ತು ಬಂದು ಕೂತರೆ ತಂಪು. ವಾಹನದ ರಸ್ತೆಯೂ ಇಲ್ಲಿಗೆ ಬರುವುದರಿಂದ ಅರ್ಧ ಗಂಟೆ ಏರಿ ಬೆವರಿಳಿಸಿಕೊಂಡ ನಾವೂ, ಎಸಿ ಕಾರಿನಿಂದ ಈಗಷ್ಟೇ ಇಳಿದವರೂ ಒಂದೇ ಎಳನೀರಿನ ಗಾಡಿಯ ಮುಂದೆ ನಿಲ್ಲುತ್ತೇವೆ. ಅವರಿಗೆ ಅದು ಬರೀ ಎಳನೀರು. ನಮಗೆ ಹಾಗಲ್ಲ.

ಇಲ್ಲಿ ನಿಂತು ಊರಿನ ಕಡೆ ನೋಡುವುದು ನನ್ನ ಚಟ. ರೇಸ್‌ಕೋರ್ಸಿನ ಹಸಿರು ಸುತ್ತು, ಕಾರಂಜಿ ಕೆರೆ, ಅರಮನೆ, ಆಚೆ ಲಲಿತಮಹಲಿನ ಬಿಳಿ ಗುಮ್ಮಟ. ನನ್ನ ಹಳೇ ಬೀಟುಗಳನ್ನು ಬೆರಳಿನಲ್ಲಿ ಗೆರೆ ಎಳೆದು ತೋರಿಸಬಲ್ಲೆ. ಡಿಸೆಂಬರ್ ಜನವರಿಯ ಬೆಳಿಗ್ಗೆ ಮಾತ್ರ ಏನೂ ಕಾಣುವುದಿಲ್ಲ. ಊರಿನ ಮೇಲೆ ಬೂದು ಬಣ್ಣದ ಒಂದು ಪದರ ಮಲಗಿರುತ್ತದೆ. ಅದೆಲ್ಲ ಮಂಜು ಅಂದುಕೊಳ್ಳಬೇಡಿ. ಚಳಿಯ ರಾತ್ರಿಯಲ್ಲಿ ನೆಲದ ಹತ್ತಿರದ ಗಾಳಿ ತಣ್ಣಗಾಗಿ ಕೆಳಗೇ ಕೂತುಬಿಡುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳ ಹಾಕುತ್ತದೆ. ಕಸಕ್ಕೆ, ತರಗೆಲೆಗೆ ಇಟ್ಟ ಬೆಂಕಿಯ ಹೊಗೆ, ಗಾಡಿಗಳ ಹೊಗೆ ಎಲ್ಲ ಆ ಮುಚ್ಚಳದ ಕೆಳಗೆ. ಬಿಸಿಲು ಏರಿ ನೆಲ ಕಾದ ಮೇಲಷ್ಟೇ ಅದು ಚದುರುತ್ತದೆ. ಚಳಿಗಾಲದಲ್ಲಿ ಬೆಳಗಿನ ಐದಕ್ಕೆ ಮುಖ್ಯರಸ್ತೆಯ ಬದಿಯಲ್ಲಿ ಬಿರುಸಿನ ವಾಕಿಂಗ್ ಮಾಡುವವರು ಒಳ್ಳೆಯ ಗಾಳಿ ಕುಡಿಯುತ್ತಿದ್ದೇವೆ ಅಂದುಕೊಂಡಿರುತ್ತಾರೆ. ಆ ತಿಂಗಳುಗಳಲ್ಲಿ ನಾನು ಹೊರಡುವುದೇ ಬಿಸಿಲು ಬಿದ್ದ ಮೇಲೆ. ಮೇಷ್ಟ್ರು ಇದಕ್ಕೂ ಸೋಮಾರಿತನ ಅನ್ನುವ ಹೆಸರಿಟ್ಟಿದ್ದಾರೆ.

ಊರಿನ ಗಾಳಿಯೆಂದರೆ ನನಗೆ ನೆನಪಾಗುವುದು ವಾಸನೆಗಳು. ಕಣ್ಣು ಕಟ್ಟಿ ಬಿಟ್ಟಿದ್ದರೂ ನಾನು ಯಾವ ರಸ್ತೆಯಲ್ಲಿದ್ದೇನೆ ಅಂತ ಹೇಳುತ್ತಿದ್ದೆ. ಮಾನಂದವಾಡಿ ರಸ್ತೆಯಲ್ಲಿ ಗಂಧದೆಣ್ಣೆ ಕಾರ್ಖಾನೆ, ದೇವರಾಜ ಮಾರುಕಟ್ಟೆಯ ಒಳಗೆ ಹೂವು ಮತ್ತು ಕೊಳೆತ ಬಾಳೆಹಣ್ಣು ಒಟ್ಟಿಗೆ, ಹೊಸ ಕಾಫಿಪುಡಿ ಹುರಿಯುವ ಅಂಗಡಿ, ಊದಿನಕಡ್ಡಿ ಒಣಗಲು ಇಟ್ಟ ಗಲ್ಲಿ. ಬೆಟ್ಟದ ಮೇಲಿನ ಗಾಳಿಗೆ ಇಂಥ ಯಾವ ವಾಸನೆಯೂ ಇಲ್ಲ. ಮೊದಲ ಮಳೆಗೆ ಬಂಡೆ ಬಿಡುವ ಬಿಸಿ ಉಸಿರು ಒಂದು ಬಿಟ್ಟು.

ನಂದಿಯಿಂದ ಮೇಲಿನದು ಸಲೀಸು. ಮೇಲೆ ಗದ್ದಲ. ಅಂಗಡಿ, ಹೂವು, ಬಳೆ, ಮಹಿಷಾಸುರನ ಕತ್ತಿಯ ಕೆಳಗೆ ನಿಂತು ಅಳುವ ಮಕ್ಕಳು. ಏಳು ನೆಲೆಯ ಗೋಪುರವನ್ನು 1827ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದರು. ಸರತಿ ಉದ್ದವಿದ್ದರೆ ನಾನು ಹೊರಗಿನಿಂದಲೇ ಕೈಮುಗಿದು, ಪಕ್ಕದಲ್ಲೇ ಇರುವ ಮಹಾಬಲೇಶ್ವರನ ಗುಡಿಗೆ ಹೋಗುತ್ತೇನೆ. ಬೆಟ್ಟದ ಮೇಲಿನ ದೇವಸ್ಥಾನಗಳಲ್ಲಿ ಹಳೆಯದು ಅದು. ಗಿಡ್ಡ ಕಂಬ, ಮಬ್ಬು ಬೆಳಕು, ಜನ ಕಡಿಮೆ.

ಆಮೇಲೆ ಬಸ್ಸು.

ಈಗ ನನ್ನ ವಾದ ಕೇಳಿ. ಹತ್ತುವಾಗ ಕೆಲಸ ಮಾಡುವುದು ಎದೆ ಮತ್ತು ಉಸಿರು. ತೊಡೆಯ ಸ್ನಾಯು ಗಿಡ್ಡವಾಗುತ್ತಾ ಮೈಯನ್ನು ಮೇಲೆತ್ತುತ್ತದೆ. ಇಳಿಯುವಾಗ ಉಸಿರಿಗೆ ಶ್ರಮವೇ ಇಲ್ಲ, ಅದಕ್ಕೇ ನಮಗೆ ಅದು ಸುಲಭ ಅನ್ನಿಸುತ್ತದೆ. ಆದರೆ ತೊಡೆಯ ಮುಂಭಾಗದ ಅದೇ ಸ್ನಾಯು ಆಗ ಉದ್ದಕ್ಕೆ ಎಳೆಯುತ್ತಲೇ ಬ್ರೇಕ್ ಹಿಡಿದಿರಬೇಕು. ಬಗ್ಗಿದ ಮಂಡಿಯ ಚಿಪ್ಪಿನ ಹಿಂದೆ ಬೀಳುವ ಒತ್ತಡ ನಮ್ಮ ತೂಕದ ಹಲವು ಪಟ್ಟು. ಮರುದಿನ, ಅದರ ಮಾರನೇ ದಿನ ತೊಡೆ ಹಿಡಿದುಕೊಂಡು ಕಕ್ಕಸಿಗೆ ಕೂರಲು ಒದ್ದಾಡುತ್ತೇವಲ್ಲ, ಅದು ಹತ್ತಿದ್ದರ ಫಲವಲ್ಲ, ಇಳಿದಿದ್ದರ ಫಲ. ವಯಸ್ಸಿನ ಹುಡುಗರಿಗೆ ಇದರಿಂದ ಕಾಲು ಗಟ್ಟಿಯಾಗುತ್ತದೆ, ಅವರು ಇಳಿಯಲಿ. ಚಿಪ್ಪಿನ ಹಿಂದಿನ ಮೆತ್ತೆ ಸವೆದವರು ಯಾಕೆ ಇಳಿಯಬೇಕು? ನಮ್ಮ ಮೂಳೆ ಡಾಕ್ಟರೂ ನನ್ನ ಪರವೇ. "ಹತ್ತಿ ಯಜಮಾನ್ರೇ, ಇಳಿಯೋಕೆ ಸರ್ಕಾರ ಬಸ್ ಬಿಟ್ಟಿದೆ" ಅಂದರು.

ಬಸ್ಸಿನಲ್ಲಿ ಒಂದು ಅನ್ಯಾಯವಿದೆ. ನಮ್ಮಾಕೆ ಜೊತೆಗೆ ಬಂದ ದಿನ ಅವಳಿಗೆ ಶಕ್ತಿ ಯೋಜನೆಯಲ್ಲಿ ಟಿಕೆಟ್ ಪುಕ್ಕಟೆ, ನಾನು ದುಡ್ಡು ಕೊಡಬೇಕು. 2023ರ ಜೂನ್‌ನಿಂದ ಕಿಟಕಿ ಪಕ್ಕದ ಸೀಟೂ ಅವಳದ್ದೇ. ಬಸ್ಸಿಳಿದು ಹಾಗೇ ದೇವರಾಜ ಮಾರುಕಟ್ಟೆಗೆ ಹೊಕ್ಕು ಸೊಪ್ಪು, ನುಗ್ಗೆಕಾಯಿ ಕೊಂಡು, ಆಮೇಲೆ ಮನೆ. ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಹತ್ತಿದ್ದನ್ನೆಲ್ಲ ಹಾಳುಮಾಡಿಕೊಳ್ಳುತ್ತೀರಿ ಅಂತ ಅವಳ ಆಕ್ಷೇಪಣೆ. ಅವಳ ತಟ್ಟೆಯಲ್ಲೂ ದೋಸೆ ಇರುತ್ತದೆ.

ಬೆಟ್ಟವನ್ನು ನಾನು ದಿನಾ ಹತ್ತುವುದಿಲ್ಲ. ಉಳಿದ ದಿನ ಕುಕ್ಕರಹಳ್ಳಿ ಕೆರೆ. ಇದನ್ನು 1864ರಲ್ಲಿ ಕಟ್ಟಿಸಿದ್ದೂ ಮುಮ್ಮಡಿಯವರೇ. ಈಗ ಮೈಸೂರು ವಿಶ್ವವಿದ್ಯಾನಿಲಯದ ಕೈಯಲ್ಲಿದೆ. ಏರಿಯ ಮೇಲೆ, ಮರಗಳ ಕೆಳಗೆ ಸುತ್ತಲೂ ಮಣ್ಣಿನ ದಾರಿ. ಗಾಡಿಗಳಿಲ್ಲ. ಹೆಜ್ಜಾರ್ಲೆ ನೀರಿನ ಮೇಲೆ ಇಳಿಯುವುದನ್ನು ನೋಡಬೇಕು, ಅಷ್ಟು ದೊಡ್ಡ ಮೈ ಹೊತ್ತು ಅದು ಎಷ್ಟು ಹಗುರವಾಗಿ ಕೂರುತ್ತದೆ! ಬಣ್ಣದ ಕೊಕ್ಕರೆ, ನೀರುಕಾಗೆ ಸದಾ ಇರುತ್ತವೆ. ಮಂಡಿಗೆ ಡಾಂಬರಿಗಿಂತ ಮಣ್ಣು ಹಿತ, ಇದು ನನ್ನ ಕಾಲು ಹೇಳಿದ ಮಾತು. ಆದರೆ ಕೆರೆಯಲ್ಲಿ ಹತ್ತಿರ ಹತ್ತಿರ ಮಾತಾಡುವವರ ಗುಂಪು ಜಾಸ್ತಿ. ಸಕ್ಕರೆ ಕಾಯಿಲೆ, ಸೈಟಿನ ರೇಟು, ಅಮೆರಿಕದ ಮಗ. ಪೋಸ್ಟ್‌ಮ್ಯಾನ್ ಆಗಿದ್ದವನು ಅಂತ ಗೊತ್ತಾದರೆ ಹತ್ತು ವರ್ಷದ ಹಿಂದೆ ತಲುಪದೇ ಹೋದ ಮದುವೆ ಕಾಗದದ ವಿಚಾರಣೆ ನನ್ನ ಮೇಲೆ. ಲಿಂಗಾಂಬುಧಿ ಕೆರೆಯೂ ಒಳ್ಳೆಯದು, ನನ್ನ ಮನೆಗೆ ದೂರ.

ಬೆಟ್ಟಕ್ಕೆ ಹೋಗಬಾರದ ದಿನಗಳೂ ಇವೆ. ಆಷಾಢದ ಶುಕ್ರವಾರ ವ್ಯಾಯಾಮದ ಮಾತೇ ಎತ್ತಬೇಡಿ. ಅಂದು ಮೆಟ್ಟಿಲು ಭಕ್ತರದ್ದು. ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಗ್ಗಿ ಅರಿಸಿನ ಕುಂಕುಮ ಹಚ್ಚುತ್ತಾ ಮೇಲೆ ಹೋಗುತ್ತಾರೆ. ಸಾವಿರ ಸಲ ಬಗ್ಗಿ ಏಳುವುದು! ಜಿಮ್ಮಿನಲ್ಲಿ ದುಡ್ಡು ಕೊಟ್ಟು ಮಾಡುವವರು ಒಮ್ಮೆ ನೋಡಬೇಕು. ಫೆಬ್ರವರಿ ಮಾರ್ಚಿನಲ್ಲಿ ಒಣಹುಲ್ಲಿಗೆ ಬೆಂಕಿ ಬೀಳುವ ಕಾಲ. ಅರಣ್ಯ ಇಲಾಖೆಯವರು ಬೆಂಕಿ ರೇಖೆ ಹಾಕಿದ್ದರೂ ಒಂದು ಬೀಡಿ ತುಂಡು ಸಾಕು. ಜೋರು ಮಳೆಯ ದಿನಗಳಲ್ಲೂ ಬೇಡ. 2021ರ ಅಕ್ಟೋಬರಿನ ಮಳೆಗೆ ನಂದಿಯ ಕಡೆಯ ರಸ್ತೆ ಕುಸಿದದ್ದು ಮೈಸೂರಿನವರಿಗೆ ನೆನಪಿದೆ. ಬೆಟ್ಟ ಗಟ್ಟಿ ಕಲ್ಲಿನದೇ, ಆದರೆ ರಸ್ತೆ ಕೂತಿರುವುದು ಕಡಿದು ತುಂಬಿದ ಮಣ್ಣಿನ ಮೇಲೆ. ಇಷ್ಟಾದರೂ ರೋಪ್‌ವೇ ಮಾಡಬೇಕು ಅನ್ನುವ ಮಾತು ಆಗಾಗ ಎದ್ದು ಬರುತ್ತದೆ, ಊರಿನವರು ವಿರೋಧಿಸುತ್ತಾ ಬಂದಿದ್ದಾರೆ. ಬಸ್ಸಿನಲ್ಲಿ ಇಳಿಯುವ ನಾನು ರೋಪ್‌ವೇ ಬೇಡ ಅಂದರೆ ಮೇಷ್ಟ್ರಿಗೆ ನಗು. ಇರುವ ರಸ್ತೆಯಲ್ಲಿ ಐವತ್ತು ಜನರನ್ನು ಒಟ್ಟಿಗೆ ಇಳಿಸುವ ಬಸ್ಸಿಗೂ, ಹೊಸದಾಗಿ ಬೆಟ್ಟಕ್ಕೆ ಕಂಬ ನೆಡುವುದಕ್ಕೂ ವ್ಯತ್ಯಾಸವಿಲ್ಲವೇ?

ಇನ್ನೊಂದು ನನ್ನ ಸಿಟ್ಟು, ಜೇಬಿನಲ್ಲಿ ಫೋನಿಟ್ಟು ಜೋರಾಗಿ ಹಾಡು ಹಾಕಿಕೊಂಡು ಹತ್ತುವವರ ಮೇಲೆ. ಒಬ್ಬರದ್ದು ಭಕ್ತಿಗೀತೆ, ಹಿಂದಿನವರದ್ದು ಡಿಜೆ, ನಡುವೆ ಸಿಕ್ಕ ಕುಟ್ರು ಹಕ್ಕಿ ಸೋತು ಸುಮ್ಮನಾಗುತ್ತದೆ. ಕಿವಿಗೆ ಸಿಕ್ಕಿಸಿಕೊಳ್ಳುವ ಯಂತ್ರ ಈಗ ಏನು ದುಬಾರಿಯೇ?

ಕಳೆದ ಭಾನುವಾರ ಮೇಷ್ಟ್ರು ಶ್ರೀರಂಗಪಟ್ಟಣದ ಹತ್ತಿರದ ಕರಿಘಟ್ಟಕ್ಕೆ ಕರೆದುಕೊಂಡು ಹೋದರು. ಬೇಕಂತಲೇ. ಅಲ್ಲಿ ಮೇಲಿನಿಂದ ಇಳಿಯಲು ಸಿಟಿ ಬಸ್ಸಿಲ್ಲವಲ್ಲ. ಬೆಟ್ಟದ ಬುಡದಲ್ಲಿ ಲೋಕಪಾವನಿ ಹರಿಯುತ್ತದೆ, ಮೇಲೆ ಶ್ರೀನಿವಾಸನ ಗುಡಿ, ಅಲ್ಲಿಂದ ಕಾವೇರಿ, ಹಸಿರು ಗದ್ದೆ, ಶ್ರೀರಂಗಪಟ್ಟಣ ಎಲ್ಲ ಕಾಣುತ್ತದೆ. ಮೆಟ್ಟಿಲು ಚಾಮುಂಡಿಯಷ್ಟಿಲ್ಲ, ಉಸಿರು ಹೆಚ್ಚು ಏರುವ ಮೊದಲೇ ಮುಗಿದುಹೋಯಿತು. ಇಳಿಯುವ ಹೊತ್ತಾದಾಗ ಮೇಷ್ಟ್ರು ಮೀಸೆಯಡಿ ನಗುತ್ತಾ ಮೆಟ್ಟಿಲಿನ ಬಾಯಲ್ಲಿ ನಿಂತು, "ದಯಮಾಡಿಸಿ" ಅಂದರು. ನಾನು ಗುಡಿಯ ಹಿಂದಿನಿಂದ ವಾಹನದ ರಸ್ತೆ ಹಿಡಿದೆ. ರಸ್ತೆ ಸುತ್ತಿ ಬಳಸಿ ಇಳಿಯುತ್ತದೆ, ಇಳಿಜಾರು ಕಡಿಮೆ, ಸಣ್ಣ ಹೆಜ್ಜೆ ಹಾಕಿದರೆ ಮಂಡಿ ಬಗ್ಗುವುದೇ ಇಲ್ಲ. ದೂರ ಹೆಚ್ಚು, ಅಷ್ಟೇ. ಕೆಳಗೆ ತಲುಪುವಾಗ ಮೇಷ್ಟ್ರು ಆಗಲೇ ಸೌತೆಕಾಯಿ ಗಾಡಿಯವನ ಹತ್ತಿರ ಸ್ಟೂಲ್ ಇಸಿದುಕೊಂಡು, ಎರಡು ಕೈಯಲ್ಲೂ ಬಲಗಾಲಿನ ಮಂಡಿ ನೀವುತ್ತಾ ಕೂತಿದ್ದರು.

ನಾನು ಏನೂ ಕೇಳಲಿಲ್ಲ. ಅವರೇ, "201 ಎಷ್ಟು ಹೊತ್ತಿಗೊಂದು ಇದೆ ಅಂದಿರಿ?" ಅಂದರು.